ಬೆಂಡೆಕಾಯಿ ನಕ್ಷತ್ರ, ನಾಲ್ಕಾಣೆ ಚಕ್ರ

ಬಾಗಿಲು ತೆರೆದೇ ಇದೆ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟರೆ ಕೆಂಪು ನೆಲ ಅಂಗಾಲಿಗೆ ತಣ್ಣಗೆ ತಾಗುತ್ತದೆ. ಮಂಗಳೂರು, ಬಲ್ಮಠ ಗುಡ್ಡೆಯ ಇಳಿಜಾರಿನ ಒಂದು ಹಂಚಿನ ಮನೆ. ಡಿಸೆಂಬರಿನ ಎರಡನೆಯ ಭಾನುವಾರ, ಬೆಳಗ್ಗೆ ಒಂಬತ್ತೂವರೆ. ಇಗರ್ಜಿಯ ಪೂಜೆ ಮುಗಿಸಿ ಬಂದ ಟೀಚರ್ ಆಗಲೇ ಮನೆಯ ಹತ್ತಿ ಸೀರೆ ಉಟ್ಟು, ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸುತ್ತಿದ್ದಾರೆ. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಡ್ರಾಯಿಂಗ್ ಕಲಿಸಿದವರು. ಬೀದಿಯಲ್ಲಿ ಯಾರಿಗೂ ಅವರ ಹೆಸರು ಬೇಕಾಗಿಲ್ಲ; ಟೀಚರ್ ಅಂದರೆ ಇವರೇ.

"ಬನ್ನಿ, ಕೂತ್ಕೊಳ್ಳಿ. ಅಲ್ಲ, ಮೊದ್ಲು ಕೈ ತೊಳೆದು ಬನ್ನಿ. ಸೋಪು ಹಾಕಿ ಆಯ್ತಾ?"

ಕೈ ಸ್ವಚ್ಛವಾಗಿಯೇ ಇದೆ ಎನ್ನಬೇಕೆಂದಿದ್ದೀರಿ. ಆದರೆ ಬಂದಕೂಡಲೇ ತಟ್ಟೆಯಿಂದ ಒಂದು ಕೊಕ್ಕಿಸ್ ಎತ್ತಿ ಬಾಯಿಗೆ ಹಾಕಿಕೊಂಡದ್ದನ್ನು ಅವರು ನೋಡಿಯಾಗಿದೆ. ಹೂವಿನ ಅಚ್ಚಿನಲ್ಲಿ ಕರಿದ ಆ ಗರಿಗರಿ ತಿಂಡಿಯ ಎಣ್ಣೆ ಬೆರಳಲ್ಲಿ ಉಳಿದರೆ ಕಾಗದದ ಮೇಲೆ ಅದರ ಗುರುತು ಮೂಡುತ್ತದೆ. ಅಲ್ಲಿ ಶಾಯಿಯೂ ಹತ್ತುವುದಿಲ್ಲ, ಅಂಟೂ ಹತ್ತುವುದಿಲ್ಲ.

ನೀವು ಬಂದಿರುವುದು ಕ್ರಿಸ್ಮಸ್ ಕಾರ್ಡು ಮಾಡುವುದನ್ನು ಕಲಿಯಲು. ಬರೀ ಚಿತ್ರದ ಕಾರ್ಡಲ್ಲ. ತೆರೆದರೆ ಎದ್ದು ನಿಲ್ಲುವ, ವಾಲಿಸಿದರೆ ಉರುಳುವ ಕಾರ್ಡು. ಪಕ್ಕದ ಮನೆಯ ಹುಡುಗ, ಮೂರನೇ ಕ್ಲಾಸು, ಆಗಲೇ ಸ್ಟೂಲಿನ ಮೇಲೆ ಮೊಣಕಾಲೂರಿ ಕುಳಿತಿದ್ದಾನೆ. ಅವನ ಕೆಲಸ ಏನೆಂದು ಕೇಳಿದರೆ ಗಂಭೀರವಾಗಿ ಹೇಳುತ್ತಾನೆ: "ನಾನು ಟೆಸ್ಟ್ ಮಾಡುದು."

ಕಾಗದಕ್ಕೂ ಒಂದು ನಡೆ

ಮೇಜಿನ ಮೇಲೆ ಎರಡು ಬಗೆಯ ಕಾಗದವಿದೆ. ಟೀಚರ್ ಎರಡನ್ನೂ ನಿಮ್ಮ ಕೈಗೆ ಕೊಡುತ್ತಾರೆ. ಒಂದು 250 ಜಿಎಸ್‌ಎಂ, ಮದುವೆ ಕರೆಯೋಲೆಯಷ್ಟು ದಪ್ಪ. ಇನ್ನೊಂದು 180, ಸ್ವಲ್ಪ ಮೆತ್ತಗೆ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ. ಝೆರಾಕ್ಸ್ ಅಂಗಡಿಯ ಮಾಮೂಲಿ ಹಾಳೆ 70 ಅಥವಾ 80. ಅದರಲ್ಲಿ ಕಾರ್ಡು ಮಾಡಿದರೆ ನಿಲ್ಲಿಸಿದಲ್ಲೇ ಕುಸಿದು ಕೂರುತ್ತದೆ.

"ಈಗ ಇದನ್ನು ಬಗ್ಗಿಸಿ. ಮಡಚಬೇಡಿ, ಬಗ್ಗಿಸಿ ಮಾತ್ರ. ಈಚೆಯಿಂದ ಒಮ್ಮೆ, ಆಚೆಯಿಂದ ಒಮ್ಮೆ."

ಬಗ್ಗಿಸುತ್ತೀರಿ. ಒಂದು ದಿಕ್ಕಿಗೆ ಹಾಳೆ ಸಲೀಸಾಗಿ ಬಾಗುತ್ತದೆ. ಇನ್ನೊಂದು ದಿಕ್ಕಿಗೆ ಬೆರಳನ್ನು ತಳ್ಳಿ ಹಿಂದಕ್ಕೆ ಬರುತ್ತದೆ. ಇಷ್ಟು ವರ್ಷ ಕಾಗದ ಹಿಡಿದ ಕೈಗೆ ಇದು ಇವತ್ತು ಗೊತ್ತಾಗುತ್ತಿದೆ. ಯಂತ್ರದಲ್ಲಿ ಕಾಗದ ತಯಾರಾಗುವಾಗ ನಾರುಗಳು ಹೆಚ್ಚಾಗಿ ಯಂತ್ರ ಓಡುವ ದಿಕ್ಕಿಗೇ ಮಲಗಿಕೊಳ್ಳುತ್ತವೆ. ಆ ನಾರಿನ ಉದ್ದಕ್ಕೆ ಮಡಚಿದರೆ ಗೆರೆ ನೇರ, ನುಣುಪು. ಅಡ್ಡಕ್ಕೆ ಮಡಚಿದರೆ ಮಡಿಕೆಯ ಬೆನ್ನು ಬಿರಿದು ಬಿಳಿ ನಾರು ಹೊರಗೆ ಇಣುಕುತ್ತದೆ. ಕಟ್ಟಿಗೆ ಸೀಳುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಎ5 ಅಳತೆಯ ಹಾಳೆ, 21 ಸೆಂಟಿಮೀಟರ್ ಉದ್ದ, 14.8 ಅಗಲ. ನಡುವೆ ಸ್ಟೀಲ್ ಸ್ಕೇಲು ಇಟ್ಟು ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಒತ್ತಿ ಗೆರೆ ಎಳೆಯುತ್ತೀರಿ. ಬಣ್ಣವಿಲ್ಲದ ತೋಡು ಮೂಡುತ್ತದೆ. ಆ ತೋಡಿನ ಮೇಲೆ ಮಡಚಿ, ಚಮಚದ ಬೆನ್ನಿನಿಂದ ಒಮ್ಮೆ ಉಜ್ಜಿ. ಈಗ ನಿಮ್ಮೆದುರು 10.5 ಸೆಂಟಿಮೀಟರಿನ ಎರಡು ಪುಟಗಳ ಬರಿಯ ಕಾರ್ಡು. "ಈ ಹತ್ತೂವರೆ ನೆನಪಿರಲಿ," ಎನ್ನುತ್ತಾರೆ ಟೀಚರ್. ಯಾಕೆಂದು ಹೇಳುವುದಿಲ್ಲ.

ಘಟ್ಟದ ಬೆಂಡೆ

ಅಡುಗೆಮನೆಯಿಂದ ಟೀಚರ್ ತರುವುದು ಚೂರಿ, ಮಣೆ ಮತ್ತು ಆರು ಬೆಂಡೆಕಾಯಿ.

"ನಮ್ಮ ಊರ ಬೆಂಡೆಯಾದ್ರೆ ಏಳೆಂಟು ಏಣು ಇರ್ತದೆ, ನಕ್ಷತ್ರ ಭಾರಿ ಚಂದ ಬರ್ತದೆ. ಆದ್ರೆ ಅದು ಮಳೆಗಾಲದ್ದು. ಈಗ ಘಟ್ಟದ ಬೆಂಡೆಯೇ ಗತಿ. ಐದು ಏಣು ಸಾಕು, ನಕ್ಷತ್ರಕ್ಕೆ ಎಂತ ಕಮ್ಮಿ?"

ತೊಟ್ಟಿನ ಕಡೆಯಿಂದ ಎರಡು ಬೆರಳು ಬಿಟ್ಟು, ಕಾಯಿ ದಪ್ಪ ಇರುವಲ್ಲಿ ಅಡ್ಡಕ್ಕೆ ಒಂದೇ ಏಟಿಗೆ ಕೊಯ್ಯಬೇಕು. ಚೂರಿಯನ್ನು ಹಿಂದೆ ಮುಂದೆ ಆಡಿಸಿದರೆ ಮೈ ಸಮ ಬರುವುದಿಲ್ಲ. ಕೊಯ್ದ ಬಾಯಿ ನೋಡಿ: ಐದು ಕೋಣೆ, ನಡುವೆ ಬೀಜದ ಮುತ್ತು, ಸುತ್ತ ಹಸಿರು ಗೋಡೆ. ಅಂಚು ಒದ್ದೆಯಾಗಿ ಮಿನುಗುತ್ತಿದೆ. ಅದು ಲೋಳೆ. ಈಗಲೇ ಬಣ್ಣಕ್ಕೆ ಅದ್ದಿದರೆ ಕಾಗದದ ಮೇಲೆ ನಕ್ಷತ್ರ ಬೀಳದು, ಕೆಸರು ಬೀಳುತ್ತದೆ. ಬಟ್ಟೆಯ ಮೇಲೆ ಬೋರಲು ಹಾಕಿ ಹತ್ತು ನಿಮಿಷ ಬಿಡಬೇಕು.

ಹಳದಿ ಪೋಸ್ಟರ್ ಕಲರನ್ನು ನೀರು ಬೆರೆಸದೆ ಸ್ಪಂಜಿನ ತುಂಡಿಗೆ ಸವರಿದ್ದಾರೆ. ಕಾಯಿಯನ್ನು ಸ್ಪಂಜಿಗೆ ಮೆಲ್ಲಗೆ ತಟ್ಟಿ, ಕಾಗದದ ಮೇಲೆ ನೇರವಾಗಿ ಇಟ್ಟು, ಒತ್ತಿ, ನೇರವಾಗಿಯೇ ಎತ್ತಿ. ನಿಮ್ಮ ಮೊದಲ ನಕ್ಷತ್ರ ಒಂದು ಬದಿಗೆ ಜಾರಿ ಬಾಲ ಬಿಟ್ಟಿದೆ.

"ಅದು ಧೂಮಕೇತು," ಎನ್ನುತ್ತಾನೆ ಹುಡುಗ.

ಎರಡನೆಯದು ಗಟ್ಟಿ. ಮೂರನೆಯದು ಅದಕ್ಕಿಂತ ಚೆನ್ನ, ಯಾಕೆಂದರೆ ಬಣ್ಣ ಕಡಿಮೆಯಾಗಿ ಕೋಣೆಯ ಗೋಡೆಗಳು ಸ್ಪಷ್ಟ ಕಾಣುತ್ತಿವೆ. ಒಮ್ಮೆ ಬಣ್ಣ ತಾಗಿಸಿದರೆ ಮೂರು ಅಚ್ಚು, ಇದು ಟೀಚರ್ ಲೆಕ್ಕ. ದಪ್ಪ, ಹದ, ತೆಳು. ಮೂರೂ ಅಕ್ಕಪಕ್ಕ ಬಿದ್ದಾಗ ಆಕಾಶಕ್ಕೆ ಆಳ ಬರುತ್ತದೆ. ಹತ್ತಿರದ ನಕ್ಷತ್ರ, ದೂರದ ನಕ್ಷತ್ರ, ಇನ್ನೂ ದೂರದ್ದು.

ತಿರುಗಿದ ಅಕ್ಷರ

ಈಗ ರಬ್ಬರು. ಪೆನ್ಸಿಲ್ ಗೆರೆ ಅಳಿಸುವ ಬಿಳಿ ರಬ್ಬರು, ಅಂಗಡಿಯಲ್ಲಿ ಸಿಗುವ ದೊಡ್ಡ ತುಂಡು. ಟೀಚರ್ ಮೇಜಿನ ಡ್ರಾಯರ್ ಎಳೆದರೆ ಒಳಗೆ ಅಂಥವು ಹತ್ತಾರು, ಒಂದೊಂದರ ಮೈಮೇಲೂ ಒಂದೊಂದು ಕೆತ್ತನೆ: ಅಲೆ, ತೆಂಗಿನ ಗರಿ, ದೋಣಿ, ಗಂಟೆ. ಮೂಲೆಯಲ್ಲಿ ಮರದ ಹಿಡಿಯ ಹಳೆಯ ಸೀಲು ಒಂದು. ಹುಡುಗ ಅದನ್ನು ಎತ್ತಿ ಕೈಮೇಲೆ ಒತ್ತಿಕೊಳ್ಳುತ್ತಾನೆ. 'ನೋಡಿದೆ' ಎಂದು ನೇರಳೆ ಬಣ್ಣದಲ್ಲಿ ಮೂಡುತ್ತದೆ. ಎಷ್ಟು ಮಕ್ಕಳ ನೋಟ್‌ಬುಕ್ಕಿನ ಮೇಲೆ ಬಿದ್ದ ಸೀಲೋ ಅದು.

ನಿಮಗೆ ಕೊಟ್ಟ ಕೆಲಸ ಮೂರು ಅಕ್ಷರ: ನತಾಲ್. ಕೊಂಕಣಿಯಲ್ಲಿ ಕ್ರಿಸ್ಮಸ್ಸಿಗೆ ಹಾಗೆನ್ನುತ್ತಾರೆ, ಪೋರ್ಚುಗೀಸರ ಮಾತಿನಿಂದ ಬಂದದ್ದು. ಮಂಗಳೂರಿನ ಕ್ರೈಸ್ತರು ಕೊಂಕಣಿಯನ್ನು ಕನ್ನಡ ಲಿಪಿಯಲ್ಲೇ ಬರೆಯುವುದರಿಂದ ನಿಮಗೆ ಓದಲು ತೊಡಕಿಲ್ಲ. ಕೆತ್ತಲು ಉಂಟು. ಅಚ್ಚಿನಲ್ಲಿ ಅಕ್ಷರ ಕನ್ನಡಿಯೊಳಗಿನ ಹಾಗೆ ತಿರುಗಿರಬೇಕು, ಆಗ ಮಾತ್ರ ಕಾಗದದ ಮೇಲೆ ಸರಿ ಬೀಳುತ್ತದೆ.

ದಾರಿ ಸುಲಭವಿದೆ. ತೆಳು ಕಾಗದದ ಮೇಲೆ ಮೆತ್ತನೆ ಪೆನ್ಸಿಲಿನಿಂದ ದಪ್ಪ ದಪ್ಪಗೆ ನೇರವಾಗಿಯೇ ಬರೆಯಿರಿ. ಅದನ್ನು ರಬ್ಬರಿನ ಮೇಲೆ ಬೋರಲು ಹಾಕಿ ಉಗುರಿನಿಂದ ಉಜ್ಜಿ. ಕಾಗದ ಎತ್ತಿದರೆ ಸೀಸದ ಪುಡಿ ರಬ್ಬರಿಗೆ ಇಳಿದಿರುತ್ತದೆ, ತಾನಾಗಿಯೇ ತಿರುಗಿ. ಇನ್ನು ಬ್ಲೇಡು ಹಿಡಿದು ಅಕ್ಷರವನ್ನು ಉಳಿಸಿ ಸುತ್ತಲಿನದ್ದನ್ನು ತೆಗೆಯಬೇಕು. ನೇರ ಗೆರೆಗೆ ಬ್ಲೇಡನ್ನು ಎಳೆಯಬಹುದು. ದುಂಡಕ್ಕೆ ಬ್ಲೇಡನ್ನು ನಿಲ್ಲಿಸಿ ರಬ್ಬರನ್ನೇ ತಿರುಗಿಸಬೇಕು. ಕನ್ನಡದಲ್ಲಿ ನೇರ ಗೆರೆ ಎಲ್ಲಿದೆ? 'ನ'ದ ಹೊಟ್ಟೆ ಒಂದಕ್ಕೇ ಹತ್ತು ನಿಮಿಷ ಹೋಗುತ್ತದೆ. ಬೆನ್ನು ನೋಯತೊಡಗಿದೆ. ಬ್ಲೇಡನ್ನು ನೇರ ಕೆಳಗೆ ಇಳಿಸದೆ ಅಕ್ಷರದಿಂದ ಹೊರಕ್ಕೆ ಓರೆಯಾಗಿ ಇಳಿಸಿ ಎನ್ನುತ್ತಾರೆ ಟೀಚರ್. ಆಗ ಅಕ್ಷರದ ಬುಡ ಅಗಲವಾಗಿ ನಿಲ್ಲುತ್ತದೆ, ಒತ್ತಿದಾಗ ಬಾಗುವುದಿಲ್ಲ. ಬೆಟ್ಟಕ್ಕೆ ಬುಡ ಅಗಲ ಇದ್ದ ಹಾಗೆ.

ನೀವು ತಲೆ ಬಗ್ಗಿಸಿ ಕೆತ್ತುತ್ತಿರುವಾಗ ಅವರು ಕಿಟಕಿಯ ಕಡೆ ಗಲ್ಲ ತೋರಿಸುತ್ತಾರೆ.

"ಇದೇ ಗುಡ್ಡೆಯಲ್ಲಿ ಅಲ್ವಾ ಬಾಸೆಲ್ ಮಿಷನ್ನವರ ಪ್ರೆಸ್ಸು ಇದ್ದದ್ದು? ಅವರೂ ತಿರುಗಿದ ಅಕ್ಷರವನ್ನೇ ನೋಡಿ ನೋಡಿ ಕಣ್ಣು ಹಾಳು ಮಾಡಿಕೊಂಡವರು."

1843ರ ಜುಲೈ 1ರಂದು ಆ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ, ಕಲ್ಲಚ್ಚಿನಲ್ಲಿ ಮುದ್ರಣವಾದದ್ದು. ಕಲ್ಲಿನ ಮೇಲೂ ಅಕ್ಷರ ತಿರುಗಿಯೇ ಇರಬೇಕು. ಅದೇ 1843ರ ಕೊನೆಗೆ ಲಂಡನ್ನಿನಲ್ಲಿ ಹೆನ್ರಿ ಕೋಲ್ ಎಂಬ ಅಧಿಕಾರಿಗೆ ಹಬ್ಬದ ಪತ್ರಗಳಿಗೆ ಉತ್ತರ ಬರೆದು ಪೂರೈಸಲಾಗಲಿಲ್ಲ. ಜಾನ್ ಕಾಲ್‌ಕಾಟ್ ಹಾರ್ಸ್ಲಿ ಎಂಬ ಚಿತ್ರಕಾರನಿಂದ ಒಂದು ಚಿತ್ರ ಬರೆಸಿ, ಕಲ್ಲಚ್ಚು ಹಾಕಿಸಿ, ಕೈಯಿಂದ ಬಣ್ಣ ತುಂಬಿಸಿ 1,000 ಪ್ರತಿ ಮಾಡಿಸಿದರು. ಬೆಲೆ ಒಂದು ಶಿಲ್ಲಿಂಗ್. ಮಾರಾಟಕ್ಕೆಂದು ಅಚ್ಚಾದ ಮೊದಲ ಕ್ರಿಸ್ಮಸ್ ಕಾರ್ಡು ಎಂದು ಈಗ ಹೆಸರಾಗಿರುವುದು ಅದೇ. ಅದಕ್ಕೆ ಮೂರು ವರ್ಷ ಮೊದಲು, 1840ರಲ್ಲಿ, ಬ್ರಿಟನ್ನಿನಲ್ಲಿ ಒಂದು ಪೆನ್ನಿಗೆ ಪತ್ರ ದೇಶದ ಯಾವ ಮೂಲೆಗಾದರೂ ಹೋಗುವಂತಾಗಿತ್ತು. ಅಂಚೆ ಅಗ್ಗವಾಗಿರದಿದ್ದರೆ ಕಾರ್ಡು ಹುಟ್ಟುತ್ತಿರಲಿಲ್ಲ. ಕನ್ನಡ ಪತ್ರಿಕೆಯೂ ಕ್ರಿಸ್ಮಸ್ ಕಾರ್ಡೂ ಒಂದೇ ವರ್ಷದ ಕೂಸುಗಳು, ಎರಡೂ ಕಲ್ಲಿನಿಂದ ಎದ್ದು ಬಂದವು.

ನಿಮ್ಮ ಅಚ್ಚು ಸಿದ್ಧ. ಹಳೆಯ ಪೇಪರಿನ ಮೇಲೆ ಒತ್ತಿ ನೋಡುತ್ತೀರಿ. 'ನತಾಲ್' ಸರಿಯಾಗಿಯೇ ಬಿದ್ದಿದೆ, ಆದರೆ 'ಲ್'ನ ಕೊನೆಯ ಕೊಂಡಿ ಸ್ವಲ್ಪ ಹಾರಿದೆ.

"ಇರ್ಲಿ," ಎನ್ನುತ್ತಾರೆ ಟೀಚರ್. "ಅದು ನಿಮ್ಮ ಸಹಿ."

ಪೌಡರ್ ಮತ್ತು ಇಸ್ತ್ರಿಪೆಟ್ಟಿಗೆ

ಇನ್ನು ಶಾಯಿ. ಆಫೀಸಿನ ಸ್ಟಾಂಪ್ ಪ್ಯಾಡಿನ ನೇರಳೆ ಶಾಯಿಯನ್ನು ಇಲ್ಲಿ ಬಳಸುವಂತಿಲ್ಲ. ಮೇಲೆ ಅಂಟಿನ ತೇವ ತಾಗಿದರೆ ಹರಡಿಕೊಳ್ಳುತ್ತದೆ. ಕ್ರಾಫ್ಟ್ ಅಂಗಡಿಯಲ್ಲಿ ಪಿಗ್ಮೆಂಟ್ ಇಂಕಿನ ಪ್ಯಾಡು ಸಿಗುತ್ತದೆ. ಅದು ಕಾಗದದೊಳಗೆ ಇಳಿಯದೆ ಮೇಲೆಯೇ ನಿಲ್ಲುತ್ತದೆ, ಒಣಗುವುದು ನಿಧಾನ. ಕರಾವಳಿಯ ಗಾಳಿಯಲ್ಲಂತೂ ಇನ್ನೂ ನಿಧಾನ. ಆ ನಿಧಾನವೇ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಸಿ ಅಕ್ಷರದ ಮೇಲೆ ಎಂಬಾಸಿಂಗ್ ಪುಡಿ ಉದುರಿಸಿದರೆ ಪುಡಿ ಶಾಯಿಗೆ ಮಾತ್ರ ಹಿಡಿದುಕೊಳ್ಳುತ್ತದೆ. ಉಳಿದದ್ದನ್ನು ಕೊಡವಿ ಡಬ್ಬಿಗೆ ವಾಪಸು ಹಾಕಿ, ಕಾಗದಕ್ಕೆ ಕಾವು ಕೊಟ್ಟರೆ ಪುಡಿ ಕರಗಿ ಅಕ್ಷರ ಉಬ್ಬಿ ನಿಲ್ಲುತ್ತದೆ.

ಆದರೆ ನೀವು ಕೊಡವಿದಾಗ ಪುಡಿ ಎಲ್ಲೆಡೆ ಅಂಟಿಕೊಂಡಿದೆ. ಅಕ್ಷರದ ಸುತ್ತ ಚಿನ್ನದ ಮರಳು ಚೆಲ್ಲಿದ ಹಾಗೆ.

"ಅಯ್ಯೋ, ಪೌಡರ್ ಹಾಕ್ಲಿಲ್ವಾ? ಅಲ್ಲೇ ಉಂಟಲ್ಲ ಮಾರಾಯ್ರೇ!"

ಅಲ್ಲೇ ಇದೆ: ಹಳೆಯ ಕರವಸ್ತ್ರದಲ್ಲಿ ಮುಖದ ಪೌಡರ್ ಕಟ್ಟಿ ಮಾಡಿದ ನಿಂಬೆಹಣ್ಣಿನ ಗಾತ್ರದ ಗಂಟು. ಅಚ್ಚು ಒತ್ತುವ ಮೊದಲು ಅದರಿಂದ ಕಾಗದವನ್ನು ಮೆಲ್ಲಗೆ ತಟ್ಟಬೇಕು. ಕಾಗದದ ಮೈಯಲ್ಲಿರುವ ತೇವ ಒಣಗಿ ಪುಡಿ ಹಿಡಿಯುವುದಿಲ್ಲ. ಮೈಸೂರಿನಲ್ಲೋ ಕಲಬುರಗಿಯಲ್ಲೋ ಇದನ್ನು ಮರೆತರೂ ನಡೆದೀತು, ಮಂಗಳೂರಿನಲ್ಲಿ ನಡೆಯುವುದಿಲ್ಲ.

ಇನ್ನೊಂದು ಹಾಳೆ. ಪೌಡರ್ ತಟ್ಟಿ, ಅಚ್ಚು ಒತ್ತಿ, ಪುಡಿ ಉದುರಿಸಿ, ಕೊಡವಿ. ಈ ಸಲ ಅಕ್ಷರ ಮಾತ್ರ ಉಳಿದಿದೆ. ಕಾವಿಗೆ ಹೀಟ್ ಗನ್ ಇಲ್ಲ. ಕೂದಲು ಒಣಗಿಸುವ ಡ್ರೈಯರ್ ಬೇಡ, ಅದರ ಕಾವು ಸಾಲದು, ಗಾಳಿಗೆ ಪುಡಿಯೇ ಹಾರಿಹೋಗುತ್ತದೆ. ಟೀಚರ್ ಇಸ್ತ್ರಿಪೆಟ್ಟಿಗೆಯನ್ನು ಕಾಯಿಸಿ, ಬಿಸಿ ಮೈ ಮೇಲೆ ಬರುವಂತೆ ಬಟ್ಟೆ ಸುತ್ತಿದ ಎರಡು ಇಟ್ಟಿಗೆಗಳ ನಡುವೆ ನಿಲ್ಲಿಸಿದ್ದಾರೆ. ಕಾಗದದ ಎರಡು ತುದಿ ಹಿಡಿದು ಅದರ ಮೇಲೆ ಒಂದು ಬೆರಳೆತ್ತರದಲ್ಲಿ ತೇಲಿಸುತ್ತೀರಿ. ಮೊದಲು ಏನೂ ಆಗುವುದಿಲ್ಲ. ಆಮೇಲೆ 'ನ'ದ ಒಂದು ಅಂಚು ಇದ್ದಕ್ಕಿದ್ದಂತೆ ಮಿನುಗುತ್ತದೆ, ಮಿನುಗು ಅಕ್ಷರದುದ್ದಕ್ಕೂ ಹರಿಯುತ್ತದೆ, ಒರಟು ಪುಡಿ ಕರಗಿ ನುಣುಪಾಗುತ್ತದೆ. ಹುಡುಗ ಉಸಿರು ಹಿಡಿದು ನೋಡುತ್ತಿದ್ದಾನೆ. ಅವನು ಇದನ್ನು ಈ ಮೊದಲೇ ಎಷ್ಟು ಸಲ ನೋಡಿದ್ದಾನೋ.

"ಈಗ ಕಣ್ಣು ಮುಚ್ಚಿ ಬೆರಳಾಡಿಸಿ," ಎನ್ನುತ್ತಾನೆ.

ಆಡಿಸುತ್ತೀರಿ. ಮೂರು ಅಕ್ಷರ ಬೆರಳಿಗೆ ಸಿಗುತ್ತವೆ.

ಗೋದಲಿ ಏಳುತ್ತದೆ

ಊಟವಾಗಿದೆ. ಮಧ್ಯಾಹ್ನದ ಸೆಕೆಗೆ ಫ್ಯಾನ್ ಬೇಕು, ಆದರೆ ಫ್ಯಾನ್ ಹಾಕಿದರೆ ಕಾಗದದ ಚೂರೆಲ್ಲ ಹಾರುತ್ತದೆ. ಆದ್ದರಿಂದ ಬೆವರು. ಜಗಲಿಯ ಮೂಲೆಯಲ್ಲಿ ತೆಂಗಿನ ಗೆರಟೆಗಳಲ್ಲಿ ಭತ್ತ ಬಿತ್ತಿಟ್ಟಿದ್ದಾರೆ. ಹಬ್ಬದ ಹೊತ್ತಿಗೆ ಮನೆಯ ಗೋದಲಿಗೆ ಹಸಿರು ಬೇಕಲ್ಲ. ಯೇಸು ಹುಟ್ಟಿದ ಹಟ್ಟಿಯ ಆ ಪುಟ್ಟ ಮಾದರಿಯನ್ನೇ ನೀವೀಗ ಕಾಗದದಲ್ಲಿ ಎಬ್ಬಿಸಬೇಕು.

180ರ ಹಾಳೆಯನ್ನು ಮಡಚಿ. ಮಡಿಕೆಯ ಕಡೆಯಿಂದ ಒಳಕ್ಕೆ 3 ಸೆಂಟಿಮೀಟರ್ ಉದ್ದದ ಎರಡು ಕತ್ತರಿಕೆ, ನಡುವೆ 4 ಸೆಂಟಿಮೀಟರ್ ಅಂತರ. ಕತ್ತರಿಕೆಗಳ ತುದಿಯಿಂದ ತುದಿಗೆ ಬಾಲ್‌ಪೆನ್ನಿನ ತೋಡು. ಹಾಳೆ ಬಿಡಿಸಿ, ನಡುವಿನ ಪಟ್ಟಿಯನ್ನು ಹಿಂದಿನಿಂದ ಬೆರಳಲ್ಲಿ ತಳ್ಳಿ ಒಳಕ್ಕೆ ಮಗುಚಿ. ಕಾರ್ಡನ್ನು ಅರ್ಧ ತೆರೆದು ಹಿಡಿದರೆ ನಡುವೆ ಒಂದು ಪುಟ್ಟ ಮೆಟ್ಟಿಲು ಎದ್ದು ನಿಂತಿದೆ. ಅಂಟಿಲ್ಲ, ಸೇರಿಸಿದ್ದಿಲ್ಲ, ಹಾಳೆಯ ಒಂದು ಭಾಗವೇ ಎದ್ದು ಬಂದಿದೆ. ಎದ್ದ ಜಾಗದಲ್ಲಿ ಉಳಿದ ಕಿಂಡಿಯನ್ನು ಮರೆಮಾಡಲು ಹೊರಗೆ 250ರ ಇನ್ನೊಂದು ಹಾಳೆ ಹೊದಿಸಬೇಕು.

ಮೆಟ್ಟಿಲಿನ ಮುಖಕ್ಕೆ ಗೋದಲಿಯ ಚಿತ್ರ ಅಂಟಿಸಬೇಕು. ನೀವು ಹುಲ್ಲಿನ ಮಾಡು, ಮಾಡಿನ ನೆತ್ತಿಗೆ ಬೆಂಡೆಯ ದೊಡ್ಡ ನಕ್ಷತ್ರ, ಎಲ್ಲ ಸೇರಿ 9 ಸೆಂಟಿಮೀಟರ್ ಎತ್ತರದ್ದನ್ನು ಉತ್ಸಾಹದಿಂದ ಕತ್ತರಿಸಿದ್ದೀರಿ. ಫೆವಿಕಾಲನ್ನು ಬೆರಳಲ್ಲಿ ಬಳಿಯಹೋದಾಗ ಟೀಚರ್ ಕೈ ತಡೆದು ತೆಂಗಿನ ಕಡ್ಡಿ ಕೊಡುತ್ತಾರೆ. ಅಂಟಿನಲ್ಲಿ ನೀರಿದೆ, ಹೆಚ್ಚಾದರೆ ಕಾಗದ ಮುರುಟುತ್ತದೆ. ಕಡ್ಡಿಯಲ್ಲಿ ತೆಳ್ಳಗೆ ಸವರಿ ಅಂಟಿಸುತ್ತೀರಿ. ಕಾರ್ಡು ತೆರೆದರೆ ಗೋದಲಿ ಎದ್ದು ನಿಲ್ಲುತ್ತದೆ. ಮನಸ್ಸು ತುಂಬುತ್ತದೆ.

"ಈಗ ಮುಚ್ಚಿ," ಎನ್ನುತ್ತಾನೆ ಹುಡುಗ.

ಮುಚ್ಚುತ್ತೀರಿ. ಕಾರ್ಡಿನ ಅಂಚಿನಿಂದ ಅರ್ಧ ನಕ್ಷತ್ರ ನಾಲಗೆ ಚಾಚಿದೆ.

ಟೀಚರ್ ನಗುವುದಿಲ್ಲ, ಸ್ಕೇಲು ಮುಂದಿಡುತ್ತಾರೆ. ಮೆಟ್ಟಿಲಿನ ಮುಖ ಮಡಿಕೆಯಿಂದ 3 ಸೆಂಟಿಮೀಟರ್ ಮುಂದೆ ನಿಂತಿದೆ. ಮುಚ್ಚಿದಾಗ ಚಿತ್ರ ಅಲ್ಲಿಂದ ಮುಂದಕ್ಕೆ ಮಲಗುತ್ತದೆ. ಮೂರಕ್ಕೆ ಒಂಬತ್ತು ಸೇರಿದರೆ ಹನ್ನೆರಡು; ಕಾರ್ಡಿನ ಪುಟ ಹತ್ತೂವರೆ. ಒಂದೂವರೆ ಸೆಂಟಿಮೀಟರ್ ಹೊರಗೆ. ಬೆಳಗ್ಗೆ ಹೇಳಿದ 'ಹತ್ತೂವರೆ ನೆನಪಿರಲಿ' ಈಗ ಅರ್ಥವಾಗುತ್ತದೆ. ಏಳೂವರೆ ಎಂದರೆ ಏಳೂವರೆಯೇ, ಅದಕ್ಕಿಂತ ಎತ್ತರದ ಹಟ್ಟಿ ಈ ಕಾರ್ಡಿನಲ್ಲಿ ಕಟ್ಟುವಂತಿಲ್ಲ. ಮಾಡನ್ನು ತಗ್ಗಿಸಿ, ನಕ್ಷತ್ರವನ್ನು ಚಿಕ್ಕ ಬೆಂಡೆಯಿಂದ ಮಾಡಿ ಮತ್ತೆ ಕತ್ತರಿಸುತ್ತೀರಿ. ಮುಚ್ಚಿದರೆ ಏನೂ ಕಾಣದು. ತೆರೆದರೆ ಎಲ್ಲ ಇದೆ.

ದೋಣಿ ಮುಳುಗಿದ್ದು

ಆಮೇಲೆ ಚಹಾದೊಡನೆ ಬರುವುದು ಹಳೆಯ ಪೆಪ್ಪರ್‌ಮಿಂಟ್ ಡಬ್ಬಿ. ಟೀಚರ್ ಅದನ್ನು ಮೇಜಿನ ಮೇಲೆ ಸುರಿದರೆ ಗಲಗಲನೆ ನಾಲ್ಕಾಣೆಗಳು. ಖಡ್ಗಮೃಗದ ಚಿತ್ರವಿರುವ ಸ್ಟೀಲಿನ 25 ಪೈಸೆ. 2011ರ ಜೂನ್ 30ರಿಂದ ಇವು ನಡೆಯುವುದಿಲ್ಲ.

"ಅಂಗಡಿಯವ ಬೇಡ ಅಂದ, ಬ್ಯಾಂಕಿಗೆ ಹೋಗ್ಲಿಕ್ಕೆ ನನಗೆ ಉದಾಸೀನ ಆಯ್ತು. ಈಗ ನೋಡಿ, ಬರೀ ಸ್ಟೀಲಿನ ಬಿಲ್ಲೆ. ಆದ್ರೆ ತೂಕ ಹದಾ ಉಂಟು."

ವಾಲಿಸಿದರೆ ಉರುಳುವ ಕಾರ್ಡಿಗೆ ಇವೇ ಗಾಲಿ. ಅಂಥ ಕಾರ್ಡನ್ನು ಇಂಗ್ಲಿಷಿನವರು ಅವರ ಪೆನ್ನಿ ನಾಣ್ಯದ ಹೆಸರಿನಿಂದ ಕರೆಯುತ್ತಾರೆ. ಈ ಮನೆಯಲ್ಲಿ ಅದು ನಾಲ್ಕಾಣೆ ಕಾರ್ಡು. 250ರ ದಪ್ಪ ಹಾಳೆಯ ಮೇಲೆ ಅಡ್ಡಕ್ಕೆ 10 ಸೆಂಟಿಮೀಟರ್ ಉದ್ದದ ಒಂದು ಸೀಳುದಾರಿ ಬೇಕು. ಎರಡು ತುದಿಗೆ ಆಫೀಸಿನ ಪಂಚಿಂಗ್ ಮೆಷಿನ್ನಿನಿಂದ ಒಂದೊಂದು ತೂತು. ಅದರ ಅಗಲ ಸುಮಾರು 6 ಮಿಲಿಮೀಟರ್. ತೂತಿನಿಂದ ತೂತಿಗೆ ಸ್ಕೇಲು ಇಟ್ಟು ಮೇಲೊಂದು ಕೆಳಗೊಂದು ಗೆರೆ ಕೊಯ್ದರೆ ಎರಡೂ ತುದಿ ದುಂಡಗಿರುವ ದಾರಿ ಸಿದ್ಧ. ಫೋಮ್ ಟೇಪಿನಿಂದ 5 ಮಿಲಿಮೀಟರಿನ ದುಂಡು ಚೂರು ಕತ್ತರಿಸಿ, ಒಂದರ ಮೇಲೊಂದು ಎರಡು ಹಚ್ಚಿ, ಒಂದು ನಾಣ್ಯದ ನಡುವೆ ಅಂಟಿಸಿ. ಅದನ್ನು ದಾರಿಯ ಹಿಂದಿನಿಂದ ತೂರಿಸಿ ಮುಂದಿನಿಂದ ಇನ್ನೊಂದು ನಾಣ್ಯ ಒತ್ತಿ. ಬಂಡಿಯ ಎರಡು ಗಾಲಿ, ನಡುವೆ ಅಚ್ಚು, ಅಚ್ಚು ಉರುಳಲು ದಾರಿಯ ಅಂಚು. ಫೋಮಿನ ಬದಿಗೂ ಅಂಟಿನ ಅಂಶ ಇರುತ್ತದೆ, ಆದ್ದರಿಂದ ಅದಕ್ಕೂ ಪೌಡರ್ ಗಂಟಿನಿಂದ ಒಂದು ತಟ್ಟು.

ಚಿತ್ರ ಯಾವುದು? ಮೂವರು ಜ್ಞಾನಿಗಳು ನಕ್ಷತ್ರ ನೋಡಿಕೊಂಡು ಬಂದ ಕಥೆ. ನೀವು ಒಂಟೆ ಬಿಡಿಸಲು ಹೊರಟಿದ್ದೀರಿ.

"ಒಂಟೆಯನ್ನು ನಾನು ನೋಡಿದ್ದು ಸರ್ಕಸ್ಸಿನಲ್ಲಿ ಮಾತ್ರ," ಎನ್ನುತ್ತಾರೆ ಟೀಚರ್. "ನಮ್ಮ ಊರಿಗೆ ಯಾರು ಬರುದಿದ್ರೂ ದೋಣಿಯಲ್ಲೇ ಬರ್ಬೇಕು."

ಅಲೆಯ ಅಚ್ಚನ್ನು ಸಾಲಾಗಿ ಒತ್ತುತ್ತೀರಿ, ದಡಕ್ಕೆ ತೆಂಗಿನ ಗರಿ, ಬಲತುದಿಗೆ ಪುಟ್ಟದೊಂದು ಗೋದಲಿ. ದೋಣಿಯ ಅಚ್ಚು ಬೇರೆ ಕಾಗದದ ಮೇಲೆ. ಅದರಲ್ಲಿ ಮೂವರು ಕಿರೀಟಧಾರಿಗಳು. ಕತ್ತರಿಸಿ ಮುಂದಿನ ನಾಣ್ಯಕ್ಕೆ ಅಂಟಿಸುತ್ತೀರಿ. ಕಾರ್ಡನ್ನು ಬಲಕ್ಕೆ ವಾಲಿಸಿದ ಕೂಡಲೇ ದೋಣಿ ಹೊರಡುತ್ತದೆ. ಹೊರಟದ್ದೇ ಮೂಗು ಕೆಳಗೆ ಮಾಡಿ, ಅಡಿಮೇಲಾಗಿ, ಮೂವರು ಜ್ಞಾನಿಗಳನ್ನೂ ನೀರಿಗೆ ಕೆಡವಿ, ಮತ್ತೆ ಎದ್ದು, ಮತ್ತೆ ಮುಳುಗಿ, ಆ ತುದಿಗೆ ಹೋಗಿ ನಿಲ್ಲುತ್ತದೆ. ಹುಡುಗ ಸ್ಟೂಲಿನಿಂದ ಬೀಳುವಷ್ಟು ನಗುತ್ತಾನೆ. ಟೀಚರ್ ಸಹ ಸೆರಗು ಬಾಯಿಗೆ ಒತ್ತಿಕೊಂಡಿದ್ದಾರೆ. ಹೀಗಾಗುವುದು ಅವರಿಗೆ ಮೊದಲೇ ಗೊತ್ತಿತ್ತು.

ನಾಣ್ಯ ಜಾರುವುದಿಲ್ಲ, ಉರುಳುತ್ತದೆ. 5 ಮಿಲಿಮೀಟರ್ ಅಚ್ಚು ಒಂದು ಸುತ್ತು ತಿರುಗಿದರೆ ಸಾಗುವುದು ಒಂದೂವರೆ ಸೆಂಟಿಮೀಟರಿಗಿಂತ ತುಸು ಹೆಚ್ಚು. ಹತ್ತು ಸೆಂಟಿಮೀಟರಿಗೆ ಆರು ಸುತ್ತು. ದೋಣಿ ಆರು ಸಲ ಮಗುಚಲೇಬೇಕು. ಮಗುಚಬಾರದ ವಸ್ತುವನ್ನು ನಾಣ್ಯಕ್ಕೆ ಹಚ್ಚಬಾರದು. ಅದಕ್ಕೆ ಎಳೆಯುವ ಪಟ್ಟಿ ಬೇಕು, ಅದು ತಿರುಗದೆ ನೇರ ಸರಿಯುತ್ತದೆ. ಮ್ಯೂನಿಕ್ಕಿನ ಲೋಥರ್ ಮೆಗ್ಗೆಂಡಾರ್ಫರ್ (1847-1925) ಅಂಥ ಪಟ್ಟಿಯ ಮಕ್ಕಳ ಪುಸ್ತಕಗಳನ್ನು ಮಾಡಿದವ. ಎರಡು ಹಾಳೆಗಳ ನಡುವೆ ಸಣ್ಣ ತಂತಿಯ ಕೀಲುಗಳನ್ನು ಅಡಗಿಸಿ, ಒಂದೇ ಪಟ್ಟಿ ಎಳೆದರೆ ಮನುಷ್ಯನ ಕೈ, ತಲೆ, ಕಣ್ಣು ಎಲ್ಲವೂ ಬೇರೆ ಬೇರೆ ಆಡುವಂತೆ ಮಾಡುತ್ತಿದ್ದ.

ನೀವು ಅಷ್ಟು ದೂರ ಹೋಗಬೇಕಾಗಿಲ್ಲ. ದೋಣಿಯನ್ನು ಬಿಡಿಸಿ ಅಲೆಯ ಮೇಲೆ ಸ್ಥಿರವಾಗಿ ಅಂಟಿಸಿ, ನಾಣ್ಯಕ್ಕೆ ಬೆಂಡೆಯ ನಕ್ಷತ್ರ ಹಚ್ಚುತ್ತೀರಿ. ನಕ್ಷತ್ರ ಎಷ್ಟು ಸುತ್ತು ತಿರುಗಿದರೂ ನಕ್ಷತ್ರವೇ. ಹಿಂದಿನ ನಾಣ್ಯಕ್ಕೆ ಜಾಗ ಬೇಕಾದ್ದರಿಂದ ಹಾಳೆಯ ನಾಲ್ಕು ಅಂಚಿಗೂ ಫೋಮ್ ಟೇಪು ಹಾಕಿ ಎತ್ತರಿಸಿ ಕಾರ್ಡಿನ ಮೇಲೆ ಕೂರಿಸುತ್ತೀರಿ. ವಾಲಿಸಿ ನೋಡಿ. ಸರ್ರೆಂದು ಸಣ್ಣ ಸದ್ದು, ನಕ್ಷತ್ರ ಗಿರಗಿರನೆ ಆಕಾಶ ದಾಟಿ ಗೋದಲಿಯ ನೆತ್ತಿಗೆ ಟಕ್ಕೆಂದು ನಿಲ್ಲುತ್ತದೆ.

ಟೆಸ್ಟ್

ಈಗ ಕಾರ್ಡು ಹುಡುಗನ ಕೈಗೆ. ಹತ್ತು ಸಲ ಎಡಕ್ಕೆ, ಹತ್ತು ಸಲ ಬಲಕ್ಕೆ. ಕಿವಿಗಿಟ್ಟು ಕೇಳುತ್ತಾನೆ. ತಲೆಕೆಳಗು ಮಾಡಿ ಕುಲುಕುತ್ತಾನೆ. ಏಳನೆಯ ಸಲ ನಕ್ಷತ್ರ ನಡುದಾರಿಯಲ್ಲಿ ತಡೆದು ನಿಂತಿತು. ಸೀಳಿನ ಕೆಳ ಅಂಚಿನಲ್ಲಿ ಕಾಗದದ ಒಂದು ಎಳೆ ಉಳಿದಿದೆ. ಉಗುರು ತಿದ್ದುವ ಅರದಿಂದ ಎರಡು ಸಲ ಉಜ್ಜಿದರೆ ಹೋಯಿತು.

"ಆದ್ರೆ ಟೀಚರ್, ಇದನ್ನು ವಾಲಿಸ್ಬೇಕು ಅಂತ ಅವರಿಗೆ ಹೇಗೆ ಗೊತ್ತಾಗುದು? ಬರಿಲಿಕ್ಕೆ ಇಲ್ವಾ?"

ಒಳ್ಳೆಯ ಪ್ರಶ್ನೆ. ನೀವೂ ಪೆನ್ನು ಹಿಡಿದು 'ವಾಲಿಸಿ ನೋಡಿ' ಎಂದು ಬರೆಯಲು ಹೊರಟಿದ್ದಿರಿ. ಟೀಚರ್ ಬೇಡವೆನ್ನುತ್ತಾರೆ. ನಕ್ಷತ್ರವನ್ನು ದಾರಿಯ ಎಡತುದಿಯಲ್ಲಿ, ಗೋದಲಿಯಿಂದ ದೂರ ನಿಲ್ಲಿಸಿ ಕವರಿಗೆ ಹಾಕಬೇಕು, ಅಷ್ಟೇ. ತೆಗೆದವರಿಗೆ ದಾರಿ ಕಾಣುತ್ತದೆ, ನಕ್ಷತ್ರ ಇರಬೇಕಾದ ಜಾಗದಲ್ಲಿ ಇಲ್ಲ ಎನ್ನುವುದೂ ಕಾಣುತ್ತದೆ. ಕವರಿನಿಂದ ಎಳೆಯುವಾಗಲೇ ಅದು ಹೇಗೂ ಒಂದಿಷ್ಟು ಅಲುಗುತ್ತದೆ.

"ನಾವು ಪೂರ್ತಿ ಮಾಡಿ ಕಳಿಸಿದ್ರೆ ಅವರು ನೋಡಿ ಕಪಾಟಿನಲ್ಲಿ ಇಡ್ತಾರೆ. ಸ್ವಲ್ಪ ಕೆಲಸ ಅವರ ಕೈಗೆ ಬಿಡ್ಬೇಕು. ಇದು ನೋಡುವ ಕಾರ್ಡಲ್ಲ, ಆಡುವ ಕಾರ್ಡು."

ಡ್ರಾಯರಿನ ತಳದಿಂದ ಅವರ ವಿಳಾಸದ ಪುಸ್ತಕ ಹೊರಬರುತ್ತದೆ. ಮುಂಬಯಿ, ಶಾರ್ಜಾ, ಕಾರ್ಕಳ, ಮಸ್ಕತ್, ಬೆಂಗಳೂರು. ಕೆಲವು ವಿಳಾಸಗಳ ಮೇಲೆ ಒಂದು ಗೆರೆ, ಮನೆ ಬದಲಾಯಿಸಿದವರು. ಕೆಲವುಗಳ ಪಕ್ಕದಲ್ಲಿ ಪುಟ್ಟದೊಂದು ಶಿಲುಬೆ. ಆ ಪುಟಗಳನ್ನು ಅವರು ಬೇಗ ತಿರುಗಿಸುತ್ತಾರೆ. ಈ ವರ್ಷ ಹದಿನಾಲ್ಕು ಕಾರ್ಡು ಸಾಕು.

ಎರಡು ಅಂಚೆಚೀಟಿ

ಸಂಜೆ ಆರೂಕಾಲು. ಹೊರಗೆ ಮಾಡಿನ ತುದಿಗೆ ಕಟ್ಟಿದ ನಕ್ಷತ್ರದ ಗೂಡುದೀಪ ಹತ್ತಿದೆ. ಮೇಜಿನ ಮೇಲೆ ಈಗ ಉಳಿದಿರುವುದು ಅಡುಗೆಮನೆಯ ತಕ್ಕಡಿ. ಅಂಚೆಯವರು ಕಾಗದವನ್ನು ನೋಡುವುದು ತೂಕದಲ್ಲಿ. ಮೊದಲ 20 ಗ್ರಾಂಗೆ ಒಂದು ದರ, ಅದು ದಾಟಿದರೆ ಮುಂದಿನ 20 ಗ್ರಾಂಗೆ ಇನ್ನೊಂದು. ಚೀಟಿ ಕಡಿಮೆ ಬಿದ್ದರೆ ಪಡೆದವರು ದಂಡ ತೆರಬೇಕು. ಹಬ್ಬದ ಶುಭಾಶಯಕ್ಕೆ ಯಾರಿಂದಲೂ ದುಡ್ಡು ಕೀಳಿಸಬಾರದು.

ಎದ್ದು ನಿಲ್ಲುವ ಗೋದಲಿಯ ಕಾರ್ಡು ಕವರು ಸಮೇತ 18 ಗ್ರಾಂ. ಸೈ. ನಾಲ್ಕಾಣೆ ಕಾರ್ಡು 22. ನಾಣ್ಯಗಳೆರಡರದ್ದೇ ಐದೂವರೆ. ಹುಡುಗ ತಕ್ಕಡಿಯ ಮೇಲೆ ಬಾಗಿ ಅಂಕಿಯನ್ನು ಎರಡು ಸಲ ಓದುತ್ತಾನೆ.

ಕಾರ್ಡಿನ ಮುಂದೆ ಒಂದು ರಟ್ಟಿನ ತುಂಡು ಇಡಬೇಕು, ಇಲ್ಲದಿದ್ದರೆ ದಾರಿಯಲ್ಲಿ ಅಂಚೆಯ ಮೊಹರಿನ ಏಟು ನಾಣ್ಯದ ಮೇಲೇ ಬೀಳಬಹುದು. ರಟ್ಟು ಸೇರಿದರೆ 25 ಗ್ರಾಂ, ಆದರೂ ಎರಡೇ ಚೀಟಿ. ಕವರಿನ ಮೇಲೆ ದೊಡ್ಡದಾಗಿ 'ಮಡಚಬೇಡಿ' ಎಂದು ಬರೆಯುತ್ತೀರಿ. ಅಂಚೆಚೀಟಿಗಳನ್ನು ಬಲಮೇಲೆ ಅಕ್ಕಪಕ್ಕ ಹಚ್ಚುತ್ತೀರಿ. ಬೆಳಗ್ಗಿನಿಂದ ಎಷ್ಟೋ ಸ್ಟಾಂಪು ಒತ್ತಿದ ನಿಮಗೆ ದಿನದ ಕೊನೆಯ ಸ್ಟಾಂಪು ನಾಲಗೆಗೆ ಅಂಟಿನ ರುಚಿ ಕೊಡುತ್ತದೆ.

ನೀವು ಹೊರಡುವಾಗ ಟೀಚರ್ ಎರಡು ನಾಲ್ಕಾಣೆಗಳನ್ನು ಕಾಗದದಲ್ಲಿ ಸುತ್ತಿ ಕೈಗೆ ಕೊಡುತ್ತಾರೆ. "ಮನೆಯಲ್ಲಿ ಇನ್ನೊಂದು ಮಾಡಿ. ಹದಿನೈದನೇ ತಾರೀಕಿನೊಳಗೆ ಪೋಸ್ಟಿಗೆ ಹಾಕಿ ಆಯ್ತಾ? ಆಮೇಲೆ ಹಾಕಿದ್ರೆ ಹೊಸ ವರ್ಷಕ್ಕೆ ಮುಟ್ತದೆ."

ನಿಮ್ಮ ಮನೆಯ ಯಾವುದೋ ಡಬ್ಬಿಯ ತಳದಲ್ಲೂ ನಡೆಯದ ನಾಲ್ಕಾಣೆ ಎರಡು ಬಿದ್ದಿರಬಹುದು. ಕ್ರಿಸ್ಮಸ್ಸೇ ಆಗಬೇಕೆಂದಿಲ್ಲ, ಸಂಕ್ರಾಂತಿಗೆ ಸೂರ್ಯ ಉರುಳಲಿ, ಯುಗಾದಿಗೆ ಚಂದ್ರ. ಹುಡುಕಿ ತೆಗೆಯಿರಿ, ಒಂದು ಬೆಂಡೆಕಾಯಿ ಕೊಯ್ಯಿರಿ. ಪೆಟ್ಟಿಗೆಗೆ ಹಾಕುವ ಮೊದಲು ತೂಗಿ ನೋಡಿ: ನಾಲ್ಕಾಣೆ ಕಾರ್ಡಿಗೆ ಎರಡು ಅಂಚೆಚೀಟಿ ಬೇಕು.